ಹಿಂದಿನ ಚಕ್ರದ ಹಲ್ಲು

ಮಂಗಳವಾರ ಕಂಪನಿಯ ಹತ್ತು ಸೈಕಲ್ಲುಗಳ ಹಿಂದಿನ ಟೈರು ಬದಲಾಯಿಸಿದರು. ಗುರುವಾರ ಬೆಟ್ಟದ ದಾರಿಯ ಸವಾರ ಬಿದ್ದು ಎಡಗೈ ಎರಡು ಕಡೆ ಮುರಿದುಕೊಂಡ. ಶುಕ್ರವಾರ ಸಂಜೆ, ಅಜಾಗರೂಕ ಚಾಲನೆಗಾಗಿ ಅವನನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ನೋಟಿಸು ಹಲಗೆಗೆ ಕಾಗದ ಅಂಟಿಸಿದರು.

ಹತ್ತೂ ಟೈರುಗಳನ್ನು ಕೈಯಾರೆ ಹಾಕಿದವಳು ರಿಪೇರಿ ಕೋಣೆಯ ಅತ್ತಿಗೆ. ಕಾಗದದಲ್ಲಿ ತನ್ನ ಹೆಸರೂ ಇದೆಯೇ ಎಂದು ಎರಡು ಸಲ ಓದಿದಳು. ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಅವಳು ಹೆಬ್ಬೆರಳು ಮುಟ್ಟಿಕೊಂಡಳು. ಹೊಸ ಟೈರುಗಳ ಅಂಚನ್ನು ರಿಮ್ಮಿನೊಳಗೆ ಒತ್ತಿ ಒತ್ತಿ ಅದು ಇನ್ನೂ ನೋಯುತ್ತಿತ್ತು.

ಅವಳು ನಿಜಕ್ಕೂ ಅತ್ತಿಗೆಯಾಗಿದ್ದುದು ಆ ಕಂಪನಿಯಲ್ಲಿ ಒಬ್ಬಳಿಗೇ. ಗಂಡನ ತಂಗಿ ಅಲ್ಲಿ ಸವಾರಳಾಗಿದ್ದಳು. ಕುಳ್ಳಿ, ಬಾಯಿ ಖಾರ, ಎಲ್ಲರೂ ಮೆಣಸು ಎಂದೇ ಕರೆಯುತ್ತಿದ್ದರು. ಆ ಮೆಣಸು ದಿನಕ್ಕೆ ನಲವತ್ತು ಸಲ ರಿಪೇರಿ ಕೋಣೆಯ ಬಾಗಿಲಲ್ಲಿ ನಿಂತು "ಅತ್ತಿಗೇ" ಎಂದು ಕೂಗಿ ಕೂಗಿ, ಉಳಿದ ಸವಾರರ ಬಾಯಿಗೂ ಅದೇ ಅಂಟಿಕೊಂಡಿತ್ತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರ ಕೂಡ "ಅತ್ತಿಗೆ, ಚೀಟಿ" ಎಂದೇ ಕೈ ಚಾಚುತ್ತಿದ್ದ.

ಚೀಟಿ ಎಂದರೆ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟುವ ರಟ್ಟಿನ ತುಂಡು. ಬ್ರೇಕು, ಚೈನು, ಪೆಟ್ಟಿಗೆ ಬಿಗಿಯುವ ಪಟ್ಟಿ, ಕೊನೆಗೆ ಒಂದು ಸಾಲು: 'ಟೈರು ದಾರಿಗೆ ತಕ್ಕದ್ದಾಗಿದೆ.' ಕೆಳಗೆ ಅವಳ ಸಹಿ. ಸಹಿಯಿಲ್ಲದ ಸೈಕಲ್ಲಿಗೆ ಗೇಟು ತೆರೆಯಕೂಡದು ಎಂಬುದು ಕಂಪನಿಯದೇ ನಿಯಮ. ಏಳು ವರ್ಷದಿಂದ ಪ್ರತಿ ಬೆಳಿಗ್ಗೆ ಆ ಸಹಿಯನ್ನು ಅವಳು ಹಾಕುತ್ತಿದ್ದದ್ದು ಮೂಗು ಒರೆಸಿಕೊಂಡಷ್ಟು ಸಲೀಸಾಗಿ.

ಗುರುವಾರದ ಚೀಟಿಗೂ ಹಾಗೆಯೇ ಹಾಕಿದ್ದಳು.

ಕಂಪನಿಯ ಕೆಲಸ ರಕ್ತದ ಮಾದರಿಗಳನ್ನು ಸಾಗಿಸುವುದು. ಊರು ಇಳಿಜಾರಿನ ಮೇಲಿತ್ತು. ಮೇಲಿನ ಬಡಾವಣೆಗಳಿಗೆ ದೊಡ್ಡ ವಾಹನ ಹೋಗುವ ರಸ್ತೆಯಿರಲಿಲ್ಲ. ಮುರಿದ ಕಾಂಕ್ರೀಟು, ಮೆಟ್ಟಿಲು, ಅದಾದ ಮೇಲೆ ಸಡಿಲ ಜಲ್ಲಿಯ ಕಾಲುದಾರಿ. ಎಲ್ಲ ದಾರಿಗಳೂ ಹೀಗೆಯೇ, ಬೆಟ್ಟದ ದಾರಿ ಎಲ್ಲಕ್ಕಿಂತ ಕಡಿದು. ಅದಕ್ಕೇ ಬೆಟ್ಟ ಹತ್ತುವ ಸೈಕಲ್ಲುಗಳು. ಸೀಟಿನ ಹಿಂದಿನ ಕ್ಯಾರಿಯರಿನ ಮೇಲೆ ಮಂಜುಗಡ್ಡೆ ತುಂಬಿದ ಬಿಳಿ ಪೆಟ್ಟಿಗೆ, ಹದಿನಾಲ್ಕು ಕಿಲೋ. ಬೆಟ್ಟದ ಮೇಲಿನ ರಕ್ತ ಸಂಗ್ರಹ ಕೇಂದ್ರದಿಂದ ಕೆಳಗಿನ ಪ್ರಯೋಗಾಲಯಕ್ಕೆ ಹತ್ತೊಂಬತ್ತು ನಿಮಿಷದ ಗಡುವು. ಯಾರು ಎಷ್ಟು ನಿಮಿಷ ತೆಗೆದುಕೊಂಡರೆಂದು ಹಲಗೆಯ ಮೇಲೆ ದಿನವೂ ಬರೆಯುತ್ತಿದ್ದರು. ವಾರದ ಕೊನೆಗೆ ಪಟ್ಟಿಯ ಬುಡದಲ್ಲಿದ್ದವರಿಗೆ ಮುಂದಿನ ವಾರ ದಾರಿಯೇ ಇಲ್ಲ. ಮನೆಯಲ್ಲಿ ಕೂರುವುದು.

ಹಳೆಯ ಟೈರುಗಳಿಗೆ ಉದ್ದುದ್ದ ರಬ್ಬರು ಹಲ್ಲುಗಳಿದ್ದವು. ಅವು ಜಲ್ಲಿಯನ್ನು ಕಚ್ಚುತ್ತಿದ್ದವು, ಆದರೆ ಗಟ್ಟಿ ರಸ್ತೆಯ ಮೇಲೆ ಗುರ್ರೆಂದು ಗೊಣಗಿ ಸವಾರನ ಕಾಲನ್ನು ತಿನ್ನುತ್ತಿದ್ದವು. ಹೊಸವುಗಳ ನಡುವೆ ಹಾವಿನ ಬೆನ್ನಿನಂಥ ಸಣ್ಣ ಗೆರೆ, ಅಂಚಿನಲ್ಲಿ ಮಾತ್ರ ಒಂದು ಸಾಲು ಹಲ್ಲು. ಅವನ್ನು ತರಿಸಿದ ಕಂಪನಿಯ ಸಾಹೇಬರು ಅದನ್ನು ಓಟದ ಟೈರು ಎಂದರು. ಸವಾರರು ಬೋಳ ಎಂದರು.

ಸಾಹೇಬರಿಗೂ ಒಂದು ಅಡ್ಡಹೆಸರಿತ್ತು: ನಿಮಿಷದ ಸಾಹೇಬರು. ಹಿಂದೊಮ್ಮೆ ಸೈಕಲ್ ಪಂದ್ಯಗಳಲ್ಲಿ ಓಡಿದ್ದವರು. ಕೋಣೆಯಲ್ಲಿ ಒಂದು ಪದಕ ಮೊಳೆಗೆ ನೇತಾಡುತ್ತಿತ್ತು. "ಮುಂದೆ ಹಿಡಿತ, ಹಿಂದೆ ಓಟ" ಎನ್ನುವುದು ಅವರ ಮಂತ್ರ. "ಮುಂದಿನ ಚಕ್ರ ಜಾರಿದ್ರೆ ನೆಲ ಕಾಣ್ತೀರಿ. ಹಿಂದಿಂದು ಜಾರಿದ್ರೆ ಸುಧಾರಿಸ್ಕೋಬಹುದು. ಹಿಂದೆ ಅಷ್ಟೊಂದು ಹಲ್ಲು ಯಾಕ್ರೀ, ಕಬ್ಬು ತಿನ್ನುತ್ತಾ?"

ಎಲ್ಲರೂ ನಕ್ಕಿದ್ದರು. ಅತ್ತಿಗೆಯೂ ತಲೆಯಾಡಿಸಿದ್ದಳು. ಆ ಮಾತು ಸುಳ್ಳಲ್ಲ. ಕಸುಬು ಕಲಿಸಿದವರು ಅವಳಿಗೂ ಅದನ್ನೇ ಹೇಳಿಕೊಟ್ಟಿದ್ದರು. ಆದರೂ ಬುಧವಾರ ಬೆಳಿಗ್ಗೆ ಯಾಕೋ ಮನಸ್ಸು ತಡೆಯದೆ ಹತ್ತೂ ಟೈರುಗಳಿಂದ ಒಂದಿಷ್ಟು ಗಾಳಿ ಬಿಟ್ಟಿದ್ದಳು. ಮೆತ್ತಗಾದ ಟೈರು ನೆಲವನ್ನು ಸ್ವಲ್ಪ ಹೆಚ್ಚು ತಬ್ಬುತ್ತದೆ. ಸಾಹೇಬರು ಮಾಪಕ ತಂದು ಒತ್ತಿ ನೋಡಿ, ಪುನಃ ಗಟ್ಟಿ ಮಾಡಿಸಿದರು. ಅವಳು ಪಂಪು ಹೊಡೆದಳು. ಟೈರು ಬೇಡ ಎನ್ನುವ ಧೈರ್ಯವಿಲ್ಲದವಳು ಗಾಳಿಯ ಜೊತೆ ಕಳ್ಳಾಟವಾಡಿದ್ದಳು, ಅಷ್ಟೇ.

ಶನಿವಾರ ಮಧ್ಯಾಹ್ನ ಸಾಹೇಬರು ರಿಪೇರಿ ಕೋಣೆಗೆ ಬಂದರು. ತಂದದ್ದು ಎರಡು ವಿಷಯ. ಮೊದಲನೆಯದು ಒಂದು ಕಾಗದ: 'ಗುರುವಾರ ಸದರಿ ಸೈಕಲ್ಲಿನ ಹಿಂದಿನ ಟೈರು ದಾರಿಗೆ ತಕ್ಕದ್ದಾಗಿತ್ತು, ಅಪಘಾತಕ್ಕೆ ಸವಾರನ ನಿರ್ಲಕ್ಷ್ಯವೇ ಕಾರಣವೆಂದು ನನ್ನ ಅಭಿಪ್ರಾಯ.'

"ಸೋಮವಾರ ಬೆಳಿಗ್ಗೆ ಸಹಿ ಹಾಕಿ ಕೊಡಿ. ಓದ್ಕೊಳ್ಳಿ, ಅರ್ಜೆಂಟಿಲ್ಲ."

"ನನ್ನ ಅಭಿಪ್ರಾಯ ನಾನು ಹೇಳೇ ಇಲ್ಲವಲ್ಲ ಸರ್."

"ಚೀಟೀಲಿ ಹೇಳಿದ್ದೀರಲ್ಲ. ಅದನ್ನೇ ಇಲ್ಲೂ ಹೇಳಿ."

ಎರಡನೆಯದನ್ನು ಬಾಗಿಲು ದಾಟುತ್ತಾ ಹೇಳಿದರು. ಸೋಮವಾರದಿಂದ ಬೆಟ್ಟದ ದಾರಿ ಮೆಣಸಿಗೆ.

ಅವಳು ಮನೆ ತಲುಪುವಷ್ಟರಲ್ಲಿ ಸುದ್ದಿಯೂ ತಲುಪಿತ್ತು. ಎರಡು ಕೋಣೆಯ ಮನೆ. ರಾತ್ರಿ ಪಾಳಿಯ ಗಂಡ ಒಳಕೋಣೆಯಲ್ಲಿ ಮಲಗಿದ್ದ. ಮೆಣಸು ನಡುಮನೆಯಲ್ಲಿ ಹೆಲ್ಮೆಟ್ಟು ಹಾಕಿಕೊಂಡೇ ಓಡಾಡುತ್ತಿದ್ದಳು.

"ಅತ್ತಿಗೇ, ಬೆಟ್ಟ ಸಿಕ್ತು!"

"ಸಿಕ್ಕಿದ್ದು ಬೆಟ್ಟ ಅಲ್ಲ, ಇಳಿಜಾರು."

"ನೀನೊಬ್ಬಳಿದ್ರೆ ಸಾಕು, ಹಾಲಿಗೆ ಹುಳಿ ಹಿಂಡೋಕೆ ಬೇರೆ ಯಾರೂ ಬೇಡ. ಆರು ತಿಂಗಳು ಬೆಟ್ಟ ಓಡಿಸಿದ್ರೆ ಕಾಯಂ. ಗೊತ್ತಲ್ಲ?"

"ಹಳೇ ಹಲ್ಲಿನ ಟೈರು ಹಾಕ್ಕೊಡ್ತೀನಿ. ಹತ್ತೂ ಮೂಲೇಲೇ ಬಿದ್ದಿವೆ."

"ಬೇಡಮ್ಮಾ! ಅದನ್ನ ಹಾಕ್ಕೊಂಡು ಇಪ್ಪತ್ತೊಂದು ನಿಮಿಷ ಆದ್ರೆ ನಾನೂ ಮೂಲೇಲೇ ಬಿದ್ದಿರ್ತೀನಿ. ನನಗೆ ಬೋಳನೇ ಬೇಕು."

"ಉದ್ದಣ್ಣ ಬಿದ್ದದ್ದು ಅದರಿಂದ್ಲೇ."

"ಉದ್ದಣ್ಣ ಆರಡಿ ಮೂರಂಗುಲ. ಬೀಳೋಕೆ ಅಷ್ಟು ದೂರ ಇತ್ತು, ಬಿದ್ದ. ನಾನು ಬಿದ್ರೂ ನೆಲ ಪಕ್ಕದಲ್ಲೇ ಇದೆ."

ಒಳಗಿನಿಂದ ಗಂಡನ ದನಿ ಬಂತು. "ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯದಲ್ಲಿ ನನ್ನ ನಿದ್ದೆ."

ಅತ್ತಿಗೆ ನಗಲಿಲ್ಲ. ಬಿದ್ದವನನ್ನು ನೋಡಿ ಬರಲು ಹೊರಟಳು. ಕಾಗದ ಅವಳ ಚೀಲದಲ್ಲೇ ಇತ್ತು.

ಉದ್ದಣ್ಣ ಅಕ್ಕನ ಮನೆಯ ಮಂಚದ ಮೇಲೆ ಮಲಗಿದ್ದ. ಕಾಲುಗಳು ಮಂಚ ದಾಟಿ ಒಂದು ಸ್ಟೂಲಿನ ಮೇಲಿದ್ದವು. ಎಡಗೈ ಬೆರಳಿನಿಂದ ಭುಜದವರೆಗೆ ಪ್ಲಾಸ್ಟರು.

"ಬನ್ನಿ ಅತ್ತಿಗೆ. ಅಜಾಗರೂಕ ಸವಾರ ಎದ್ದು ನಿಲ್ಲೋಕಾಗಲ್ಲ, ಬೇಜಾರು ಮಾಡ್ಕೋಬೇಡಿ."

"ನೋವಿದೆಯಾ?"

"ಕೈಗಿಂತ ಕಾಗದ ನೋಯುತ್ತೆ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ಒಂಬತ್ತು ವರ್ಷ ಅತ್ತಿಗೆ, ಒಂದು ಸೀಸೆ ಒಡೆದಿಲ್ಲ ನಾನು. ಅವತ್ತೂ ಒಡೆದಿಲ್ಲ. ಪೆಟ್ಟಿಗೆ ನನ್ನ ಮೇಲೆ ಬಿತ್ತು."

ಚೀಲವನ್ನು ಅವಳು ಮಡಿಲಿಗೆ ಎಳೆದುಕೊಂಡಳು. ಕಾಗದ ಸದ್ದು ಮಾಡಬಹುದು ಎನ್ನಿಸಿತು.

"ಹೇಗಾಯ್ತು, ಸರಿಯಾಗಿ ಹೇಳು."

"ಮೂರನೇ ತಿರುವು, ನಲ್ಲಿ ಪಕ್ಕ. ಬ್ರೇಕು ಒತ್ತಿದೆ, ಬಾಲ ಜಾರ್ತು. ಜಾರೋದೇನು ಹೊಸದಲ್ಲ. ಬಾಲ ಜಾರಿದಾಗ ಸೊಂಟ ಸೀಟಿನ ಹಿಂದಕ್ಕೆ ತಳ್ಳಿ ಕೂತ್ರೆ ತೂಕ ಚಕ್ರದ ಮೇಲೆ ಬೀಳುತ್ತೆ, ತಾನಾಗೇ ಸರಿಹೋಗುತ್ತೆ. ಖಾಲಿ ಸೈಕಲ್ಲಲ್ಲಿ ಸಾವಿರ ಸಲ ಮಾಡಿದ್ದೀನಿ. ಅವತ್ತೂ ತಳ್ಳಿದೆ. ಸೊಂಟ ಹೋಗಬೇಕಾದ ಜಾಗದಲ್ಲಿ ಪೆಟ್ಟಿಗೆ ಕೂತಿತ್ತಲ್ಲ. ಅದು ನನ್ನನ್ನೇ ವಾಪಸ್ ಮುಂದಕ್ಕೆ ತಳ್ತು." ಪ್ಲಾಸ್ಟರಿನ ಕೈಯನ್ನು ಎದೆಯ ಮೇಲಕ್ಕೆ ಸರಿಸಿಕೊಂಡ. "ನಿಮ್ಮ ತಪ್ಪಲ್ಲ ಬಿಡಿ. ಅವರು ಹೇಳಿದ್ದು ನೀವು ಹಾಕಿದ್ರಿ."

ಬೈದಿದ್ದರೆ ಒಳ್ಳೆಯದಿತ್ತು.

ಹಿಂದಿರುಗುವ ದಾರಿಯಲ್ಲಿ ಅವಳಿಗೆ ಎಲ್ಲವೂ ಕಣ್ಣೆದುರು ಬಿಚ್ಚಿಕೊಂಡಿತು. ಪಂದ್ಯದ ಸೈಕಲ್ಲಿನ ಸೀಟಿನ ಹಿಂದೆ ಗಾಳಿಯಲ್ಲದೆ ಇನ್ನೇನೂ ಇರುವುದಿಲ್ಲ. ಹಿಂದೆ ಜಾರಿದರೆ ಸುಧಾರಿಸಿಕೊಳ್ಳಬಹುದು ಎಂಬ ಮಾತು ಆ ಖಾಲಿ ಜಾಗವನ್ನು ನಂಬಿ ಹುಟ್ಟಿದ್ದು. ಪದಕಕ್ಕಾಗಿ ಓಡುವವನು ಹೊರೆ ಹೊರುವುದಿಲ್ಲ. ಅವನ ಬುದ್ಧಿಯನ್ನು ತಂದು ಹೊರೆಯವರ ಚಕ್ರಕ್ಕೆ ಸುತ್ತಿದ್ದರು. ಏಳು ವರ್ಷ ದಿನವೂ ಆ ಪೆಟ್ಟಿಗೆಯ ಪಟ್ಟಿ ಬಿಗಿದ ತನಗೂ ಅದು ಹೊಳೆದಿರಲಿಲ್ಲ. ಹೊಳೆದಿತ್ತೇನೋ, ಗಾಳಿ ಬಿಟ್ಟದ್ದು ಅದಕ್ಕೇ ಏನೋ. ಆ ಯೋಚನೆ ಇನ್ನೂ ಕೆಟ್ಟದಾಗಿತ್ತು.

ಭಾನುವಾರ ಬೆಳಿಗ್ಗೆ 'ರಿಪೇರಿ ಪರೀಕ್ಷೆ' ಎಂದು ಗೇಟಿನ ಪುಸ್ತಕದಲ್ಲಿ ಬರೆದು ಮೆಣಸಿನ ಸೈಕಲ್ಲನ್ನೂ ಒಂದು ಪೆಟ್ಟಿಗೆಯನ್ನೂ ಹೊರತಂದಳು. ಹಳೆಯ ಹಲ್ಲಿನ ಟೈರೊಂದನ್ನು ಹೆಗಲಿಗೆ ಹಾಕಿಕೊಂಡಳು. ನಾದಿನಿಯನ್ನು ಹೊರಡಿಸಲು ಒಂದೇ ಮಾತು ಸಾಕಾಯಿತು: "ನಾಳೆ ಮೊದಲ ದಿನ. ದಾರಿ ಅಭ್ಯಾಸ ಬೇಡವಾ?"

ಮೂರನೇ ತಿರುವಿನಲ್ಲಿ ಎಡಕ್ಕೊಂದು ಗೋಡೆ, ಬಲಕ್ಕೆ ಮೊಣಕಾಲೆತ್ತರದ ಕಲ್ಲಿನ ಅಂಚು, ಅದರಾಚೆ ಯಾರದೋ ಮನೆಯ ತಗಡಿನ ಮಾಡು ಎರಡಾಳು ಕೆಳಗೆ. ಅತ್ತಿಗೆ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಗೆರೆಯಲ್ಲಿ ಬ್ರೇಕು ಒತ್ತಬೇಕು.

ಮೊದಲ ಸಲ ಖಾಲಿ. ಬಾಲ ಜಾರಿತು. ಮೆಣಸು ಸೊಂಟವನ್ನು ಹಿಂದಕ್ಕೆಸೆದು ಅದನ್ನು ಹಿಡಿದು ನಿಲ್ಲಿಸಿ ಹಲ್ಲು ಕಿರಿದಳು. ಜಾರಿದ ಗುರುತನ್ನು ಅತ್ತಿಗೆ ಹೆಜ್ಜೆಯಿಂದ ಅಳೆದಳು. ನಾಲ್ಕು.

"ನೋಡಿದ್ಯಾ? ಕುಣಿತ ಇದು, ಕುಣಿತ."

"ಈಗ ಪೆಟ್ಟಿಗೆ ಕಟ್ತೀನಿ."

ಪೆಟ್ಟಿಗೆಯಲ್ಲಿ ಹದಿನಾಲ್ಕು ನೀರಿನ ಸೀಸೆಗಳಿದ್ದವು. ಮೆಣಸು ಮೇಲಿನಿಂದ ಬಂದಳು. ಗೆರೆಯಲ್ಲಿ ಬ್ರೇಕು ಒತ್ತಿದಳು. ಬಾಲ ಜಾರಿತು, ಸೊಂಟ ಹಿಂದಕ್ಕೆ ಹೋಯಿತು, ಪೆಟ್ಟಿಗೆಗೆ ಬಡಿದು ಮುಂದಕ್ಕೆ ಬಂತು. ಸೈಕಲ್ಲು ಅಡ್ಡ ತಿರುಗಿತು. ಜಲ್ಲಿ ಸಿಡಿದು ಕೆಳಗಿನ ತಗಡಿನ ಮೇಲೆ ಪಟಪಟ ಉದುರಿತು. ಮುಂದಿನ ಚಕ್ರ ಅಂಚಿನಿಂದ ಒಂದು ಗೇಣು ದೂರದಲ್ಲಿ ನಿಂತಾಗ ಮೆಣಸಿನ ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಗಾಳಿಯಲ್ಲಿ.

ಪೆಟ್ಟಿಗೆಯೊಳಗೆ ಸೀಸೆಗಳು ಇನ್ನೂ ಅಲುಗುತ್ತಿದ್ದವು.

"ಎಷ್ಟು ಹೆಜ್ಜೆ?" ಮೆಣಸು ಕೇಳಿದಳು. ದನಿಯಲ್ಲಿ ಖಾರವಿರಲಿಲ್ಲ.

"ಅಳೆಯಲ್ಲ."

"ನಿಧಾನವಾಗಿ ಬಂದ್ರೆ ಆಯ್ತಪ್ಪ."

"ಹತ್ತೊಂಬತ್ತು ನಿಮಿಷದಲ್ಲಿ ನಿಧಾನ ಎಲ್ಲಿಟ್ಕೋತೀಯ?"

ಅಲ್ಲೇ ಕೂತು ಚಕ್ರ ಕಳಚಿ ಹಲ್ಲಿನ ಟೈರು ಹಾಕಿದಳು. ಪೆಟ್ಟಿಗೆಯ ಸಮೇತ ಮತ್ತೆ ಇಳಿದಾಗ ಬಾಲ ಒಂದು ಸಲ ಎಳೆಯಿತು, ಕಚ್ಚಿತು, ನಿಂತಿತು. ಎರಡು ಹೆಜ್ಜೆ. ಆಮೇಲೆ ತುದಿಯಿಂದ ಪ್ರಯೋಗಾಲಯದ ಬಾಗಿಲವರೆಗೆ ಸಮಯ ನೋಡಿದರು. ಇಪ್ಪತ್ತೂವರೆ ನಿಮಿಷ.

ಒಂದೂವರೆ ನಿಮಿಷಕ್ಕೆ ಒಂದು ಕೈ. ಮಂಜಿನ ಪೆಟ್ಟಿಗೆಯಲ್ಲಿಟ್ಟ ರಕ್ತ ನಾಲ್ಕು ಗಂಟೆ ಕೆಡುವುದಿಲ್ಲ ಎಂದು ಪ್ರಯೋಗಾಲಯದ ಹುಡುಗಿಯೇ ಎಷ್ಟೋ ಸಲ ಹೇಳಿದ್ದಳು. ರಕ್ತ ಕಾಯುತ್ತದೆ. ಕಾಯದೆ ಇರುವುದು ಕೇಂದ್ರದ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆಸಿದ 'ಬೇರೆಲ್ಲರಿಗಿಂತ ಬೇಗ' ಎಂಬ ಫಲಕ.

"ವಾಪಸ್ ಬೋಳನೇ ಹಾಕಿಬಿಡು," ಎಂದಳು ಮೆಣಸು, ಹಿಂದಿರುಗುವಾಗ. "ಹುಷಾರಾಗಿರ್ತೀನಿ. ಎಲ್ಲರೂ ಅದ್ರಲ್ಲೇ ಓಡಿಸ್ತಿರುವಾಗ ನಾನೊಬ್ಬಳೇ ಪಟ್ಟಿಯ ಬುಡಕ್ಕೆ ಯಾಕೆ ಹೋಗ್ಲಿ?"

"ಆಯ್ತು."

ಹಾಕಲಿಲ್ಲ. ಸಂಜೆ ರಿಪೇರಿ ಕೋಣೆಯಲ್ಲಿ ಒಬ್ಬಳೇ ನಿಂತು ಹಲ್ಲುಗಳ ನಡುವೆ ಒದ್ದೆ ಮಣ್ಣು ತುಂಬಿದಳು. ಒಣಗಿದರೆ ದೂರದಿಂದ ಬೋಳನಂತೆಯೇ ಕಾಣಬೇಕು. ಪಕ್ಕದಲ್ಲಿ ಉಳಿದ ಎಂಟು ಸೈಕಲ್ಲುಗಳು ಗೋಡೆಗೊರಗಿದ್ದವು. ಅವುಗಳ ಹಿಂದಿನ ಚಕ್ರಗಳನ್ನು ಅವಳು ನೋಡಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ತಪ್ಪಿದ ದೊಣ್ಣೆ ಪಕ್ಕದವನ ತಲೆಗೆ ಬೀಳುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ದೀಪ ಆರಿಸಿ ಬೀಗ ಹಾಕಿದಳು.

ಸೋಮವಾರ ಆರೂವರೆಗೆ ಒಂಬತ್ತು ಸೈಕಲ್ಲು ಅಂಗಳದಲ್ಲಿ ಸಾಲಾಗಿ ನಿಂತವು. ಸವಾರರು ಕೈಗವಸು ಎಳೆದುಕೊಳ್ಳುತ್ತಾ, ಆಕಳಿಸುತ್ತಾ, ಒಬ್ಬರನ್ನೊಬ್ಬರು ಕೆಣಕುತ್ತಾ ನಿಂತಿದ್ದರು. "ಅತ್ತಿಗೆ, ನನ್ನ ಬ್ರೇಕು ನೋಡಿ." "ಅತ್ತಿಗೆ, ಇವನ ಬಾಯಿಗೂ ಒಂದು ಬ್ರೇಕು ಹಾಕಿ." ಅವಳ ಕೈಯಲ್ಲಿ ಒಂಬತ್ತು ಖಾಲಿ ಚೀಟಿಗಳು, ಅವುಗಳ ಕೆಳಗೆ ಉದ್ದಣ್ಣನ ಕಾಗದ. ಬೆವರಿನಿಂದ ಮೇಲಿನ ರಟ್ಟು ಮೆತ್ತಗಾಗಿತ್ತು.

ನಿಮಿಷದ ಸಾಹೇಬರು ಸಾಲಿನುದ್ದಕ್ಕೂ ನಡೆದು ಬಂದರು. ಒಂದೊಂದು ಟೈರನ್ನೂ ಹೆಬ್ಬೆರಳಿನಿಂದ ಒತ್ತಿದರು. ಮೆಣಸಿನ ಸೈಕಲ್ಲಿನ ಬಳಿ ಒತ್ತಿದಾಗ ಒಣಮಣ್ಣು ಕಳಚಿ ಬಿತ್ತು. ಇನ್ನಷ್ಟು ಕೆರೆದು ನೋಡಿದರು. ಹಲ್ಲು ಹೊರಬಂತು.

ಸಾಹೇಬರು ಎದ್ದು ನಿಂತು ಕೈ ಒರೆಸಿಕೊಂಡರು. ಸಿಟ್ಟಿರಲಿಲ್ಲ ಮುಖದಲ್ಲಿ. ಹತ್ತಿರ ಬಂದು ದನಿ ತಗ್ಗಿಸಿದರು.

"ಮನೆಯ ಹುಡುಗಿ, ಭಯ ಇರುತ್ತೆ. ಅರ್ಥ ಆಗುತ್ತೆ. ಇದೊಂದು ಹಾಗೇ ಇರಲಿ, ನಾನು ನೋಡಿಲ್ಲ. ಒಂದೆರಡು ನಿಮಿಷ ತಡವಾದ್ರೂ ಹಲಗೇಲಿ ನಾನು ಸರಿಮಾಡ್ಕೋತೀನಿ. ಆಯ್ತಾ? ಈಗ ಉಳಿದ ಚೀಟಿಗಳಿಗೆ ಸಹಿ ಹಾಕಿ. ಆ ಕಾಗದಕ್ಕೂ."

ಅವಳು ಬೇಡಿಕೊಂಡದ್ದೆಲ್ಲ ಅದರಲ್ಲಿತ್ತು. ಸಾಹೇಬರು ಕೊಡುತ್ತಿದ್ದದ್ದು ಅವಳು ನಿನ್ನೆ ಸಂಜೆ ಮಣ್ಣು ಮೆತ್ತಿ ತಾನೇ ಕದ್ದುಕೊಂಡದ್ದನ್ನೇ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ಮೆಣಸು ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹಲ್ಲುಗಳನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ತಲೆಯೆತ್ತಿದಳು.

"ನನಗೊಬ್ಬಳಿಗೇನಾ?"

ಅತ್ತಿಗೆ ಕೈಯಲ್ಲಿದ್ದ ಚೀಟಿಗಳನ್ನು ಜೋಡಿಸಿಕೊಂಡಳು.

"ಇವರೆಲ್ಲ ನಿನ್ನನ್ನ ಅತ್ತಿಗೆ ಅತ್ತಿಗೆ ಅಂತಾರಲ್ಲ," ಎಂದಳು ಮೆಣಸು, ಜೋರಾಗಿಯೇ, "ಬರೀ ಬಾಯಿಚಪಲಕ್ಕಾ? ನನ್ನ ಸೊಂಟಕ್ಕೆ ಅಡ್ಡ ಬರೋ ಪೆಟ್ಟಿಗೆ ಅವರ ಸೊಂಟಕ್ಕೆ ದಾರಿ ಬಿಡುತ್ತಾ?"

ಸಾಲಿನಲ್ಲಿ ನಗು ನಿಂತಿತು. ಒಬ್ಬ ತನ್ನ ಹಿಂದಿನ ಚಕ್ರವನ್ನು ಬಗ್ಗಿ ನೋಡಿದ. ಅವನ ಪಕ್ಕದವಳೂ ನೋಡಿದಳು. ಗೇಟಿನಲ್ಲಿ ಕಾವಲುಗಾರ ಕೈ ಚಾಚಿ ನಿಂತಿದ್ದ. "ಅತ್ತಿಗೆ, ಚೀಟಿ?"

"ಪೆನ್ನು ತಗೊಳ್ಳಿ," ಎಂದರು ಸಾಹೇಬರು.

ತೆಗೆದುಕೊಂಡಳು. ಮೇಲಿನ ಚೀಟಿ ಮೆಣಸಿನದು. ಕೊನೆಯ ಸಾಲಿನ ಕೆಳಗೆ ಸಹಿ ಹಾಕಿ ಹ್ಯಾಂಡಲಿಗೆ ಕಟ್ಟಿದಳು. ಉಳಿದ ಎಂಟು ಚೀಟಿಗಳನ್ನೂ ಉದ್ದಣ್ಣನ ಕಾಗದವನ್ನೂ ಸೇರಿಸಿ ಸಾಹೇಬರ ಕೈಗೆ ಕೊಟ್ಟಳು. ಪೆನ್ನನ್ನೂ ಕೊಟ್ಟಳು.

"ಇವು ಖಾಲಿ ಇವೆ," ಎಂದರು ಅವರು.

"ಹೌದು ಸರ್. ಟೈರು ದಾರಿಗೆ ತಕ್ಕದ್ದಲ್ಲ. ಗುರುವಾರವೂ ತಕ್ಕದ್ದಾಗಿರಲಿಲ್ಲ. ಅವತ್ತು ಸಹಿ ಹಾಕಿದ್ದು ನಾನು. ಯಾರಾದ್ರೂ ಕೇಳಿದ್ರೆ ಅದನ್ನೇ ಬರೆದುಕೊಡ್ತೀನಿ."

"ಏಳಕ್ಕೆ ಗೇಟು ತೆಗೀಬೇಕು. ಒಂಬತ್ತು ಕೇಂದ್ರ ಕಾಯ್ತಿವೆ. ನಿಮ್ಮ ಕೆಲಸ ನಿಮಗೆ ಬೇಡವಾ?"

ಬೇಕಿತ್ತು. ಎರಡು ಕೋಣೆಯ ಮನೆಯ ಒಂದು ಕೋಣೆ ಆ ಕೆಲಸದಿಂದಲೇ ನಿಂತಿತ್ತು. ಅವಳು ಒಳಗೆ ಹೋಗಿ ಮೂಲೆಯ ಹಗ್ಗ ಬಿಚ್ಚಿ, ಹಳೆಯ ಟೈರುಗಳಲ್ಲಿ ಹೊರುವಷ್ಟನ್ನು ಎರಡೂ ಹೆಗಲಿಗೆ ಹಾಕಿಕೊಂಡು ಬಂದಳು. ಮೊದಲನೇ ಸೈಕಲ್ಲನ್ನು ತಲೆಕೆಳಗು ಮಾಡಿ ನೆಲದ ಮೇಲೆ ಕೂತಳು. ಅವಳು ಕೇಳುವ ಮೊದಲೇ ಮೆಣಸು ಹಿಂದಿನ ಚಕ್ರದ ಕೊಂಡಿ ಸಡಿಲಿಸಿದ್ದಳು.

ಸಾಹೇಬರ ನೆರಳು ಚಕ್ರದ ಮೇಲೆ ಬಿತ್ತು. ಚೀಟಿಗಳನ್ನು ಅವಳ ಮುಖದ ಮುಂದೆ ಹಿಡಿದರು.

"ಕೊನೇ ಸಲ ಹೇಳ್ತಿದ್ದೀನಿ. ಸಹಿ ಹಾಕಿ."

ನೋಯುವ ಹೆಬ್ಬೆರಳನ್ನು ಬೋಳ ಟೈರಿನ ಅಂಚಿನೊಳಗೆ ತೂರಿಸಿ ಅದನ್ನು ಹೊರಕ್ಕೆಳೆಯುತ್ತಾ, ತಲೆಯೆತ್ತದೆ, ಅವಳು ಹೇಳಿದಳು.

"ಹಾಕಲ್ಲ."